ದೇವರಕಾಡಿಗೆ ಇಳಿದ ವಿಮಾನ

ನನ್ನ ಬಲಗೈ ಹೆಬ್ಬೆರಳಿಗೆ ಒಂದು ಚಾಳಿಯಿದೆ. ಬಸ್ಸಿನಲ್ಲಿ ಕೂತಾಗ ಘಾಟಿಯ ತಿರುವು ಬಂದರೆ ಸಾಕು, ಅದು ತಾನಾಗಿಯೇ ಮುಂದಿನ ಸೀಟಿನ ಕಂಬಿಯನ್ನು ಒಮ್ಮೆ ಒತ್ತುತ್ತದೆ. ಬಸ್ಸು ಬಲಕ್ಕೆ ಹೊರಳಿದರೆ ಅದಕ್ಕೆ ಸಮಾಧಾನ. ಎಡಕ್ಕೆ ಹೊರಳಿದರೆ ಗಡಿಬಿಡಿಯಿಂದ ಇನ್ನೊಮ್ಮೆ ಒತ್ತುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಷ್ಟರಲ್ಲಿ ಬೆರಳು ನೋಯುತ್ತಿರುತ್ತದೆ. ‘ಆ ಡ್ರೈವರ್‌ಗಾದ್ರೂ ಸಂಬಳ ಕೊಡ್ತಾರೆ, ನಿಮಗೆ ಯಾರು ಕೊಡ್ತಾರೆ?’ ಎಂದು ನನ್ನ ಹೆಂಡತಿ ಕೇಳುವುದುಂಟು. ವೈದ್ಯರೊಬ್ಬರು ಇದನ್ನು ನರದ ತೊಂದರೆ ಎಂದು ಎಣ್ಣೆ ಬರೆದುಕೊಟ್ಟರು. ಎಣ್ಣೆ ಹಚ್ಚಿದ ಮೇಲೆ ಬೆರಳು ಕಂಬಿಯ ಮೇಲೆ ಜಾರತೊಡಗಿತೇ ಹೊರತು ಚಾಳಿ ಹೋಗಲಿಲ್ಲ.

ನಿಜ ಹೇಳಬೇಕೆಂದರೆ ನಾನು ಒಂದು ಕಾಲದಲ್ಲಿ ವಿಮಾನ ಹಾರಿಸುತ್ತಿದ್ದೆ. ನೀವು ಕಣ್ಣರಳಿಸುವ ಮುಂಚೆಯೇ ಹೇಳಿಬಿಡುತ್ತೇನೆ, ಒಳಗೆ ಕೂತಲ್ಲ, ಗದ್ದೆಯಲ್ಲಿ ನಿಂತು. ವಿಮಾನದ ರೆಕ್ಕೆಯ ಅಗಲ ನನ್ನ ಎರಡು ತೋಳು ಚಾಚಿದಷ್ಟೂ ಇರಲಿಲ್ಲ.

ಮೇಲೆ ಹಾರುವ ವಸ್ತುವಿಗೂ ನಮ್ಮ ಮನೆಯವರಿಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿದವರು. ಆಗ ಅದನ್ನು ಫ್ರೇಸರ್‌ಪೇಟೆ ಎನ್ನುತ್ತಿದ್ದೆವು. ನಾನು ಚಿಕ್ಕವನಿದ್ದಾಗ, ಯುದ್ಧದ ದಿನಗಳಲ್ಲಿ, ಅಪರೂಪಕ್ಕೊಮ್ಮೆ ವಿಮಾನವೊಂದು ಗುರ್ರೆನ್ನುತ್ತ ನಮ್ಮ ತಲೆಯ ಮೇಲೆ ಹೋಗುತ್ತಿತ್ತು. ಆ ಸದ್ದು ಕೇಳಿದ ಕೂಡಲೇ ನಮ್ಮಜ್ಜಿ ಅಂಗಳಕ್ಕೆ ಓಡಿಬಂದು ಒಣಗಲು ಹಾಕಿದ್ದ ಸಂಡಿಗೆಯ ಚಾಪೆಯನ್ನು ದರದರ ಒಳಗೆ ಎಳೆದುಕೊಳ್ಳುತ್ತಿದ್ದಳು. ‘ಮ್ಯಾಲಿಂದ ನೋಡ್ತಾರೆ ಕಣ್ಲಾ, ಕಣ್ಣಾಗ್ತದೆ’ ಎನ್ನುತ್ತಿದ್ದಳು. ವಿಮಾನದಲ್ಲಿ ಹೋಗುವವರೆಲ್ಲ ನಮ್ಮ ಸಂಡಿಗೆಯ ಮೇಲೆ ಕಣ್ಣಿಟ್ಟವರು ಎಂದೇ ನಾನು ಬಹಳ ವರ್ಷ ನಂಬಿದ್ದೆ. ಒಬ್ಬ ಇಂಗ್ಲಿಷಿನವನು ಅಷ್ಟು ದೂರದಿಂದ ಇಷ್ಟಕ್ಕಾಗಿ ಬರುತ್ತಾನಲ್ಲ ಎಂದು ಸ್ವಲ್ಪ ಹೆಮ್ಮೆಯೂ ಇತ್ತು.

ಮುಂದೆ ನಾನು ಶ್ರೀಮಂಗಲದ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆದೆ. ಆಳುಗಳ ಹಾಜರಿ ಬರೆಯುವುದು, ಪಿಕ್ಕಿಂಗ್ ಕಾಲದಲ್ಲಿ ಕಾಫಿ ಹಣ್ಣು ಅಳೆಯುವಲ್ಲಿ ನಿಲ್ಲುವುದು, ಆಳುಗಳು ವಾಸವಿದ್ದ ಲೈನಿನ ಜಗಳಗಳನ್ನು ಕೇಳಿಸಿಕೊಂಡೂ ಕೇಳಿಸದಂತಿರುವುದು, ಇಷ್ಟು ನನ್ನ ಕೆಲಸ. ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ ಅದು. ಸರ್ಕಾರವೂ ಮಡಿಕೇರಿಯಲ್ಲೇ ಇದ್ದುದರಿಂದ ಅದನ್ನು ಬೈಯಲು ದೂರ ಹೋಗಬೇಕಾಗಿರಲಿಲ್ಲ. ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಊರಿಗೆ ಹೊರಡುತ್ತಿದ್ದರು. ನಮ್ಮ ದೊರೆಯೂ ಹೊರಟ. ಹೊರಡುವಾಗ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟ. ಅಡುಗೆಯವನಿಗೆ ಕುರ್ಚಿ ಸಿಕ್ಕಿತು, ತೋಟದ ಮೇಸ್ತ್ರಿಗೆ ಮಳೆಕೋಟು ಸಿಕ್ಕಿತು. ನನ್ನ ಪಾಲಿಗೆ ಈ ವಿಮಾನ ಬಂತು. ಪ್ರೀತಿಯಿಂದ ಕೊಟ್ಟನೆಂದೇನೂ ಅಲ್ಲ, ಅದು ಅವನ ಯಾವ ಪೆಟ್ಟಿಗೆಯಲ್ಲೂ ಹಿಡಿಯಲಿಲ್ಲ. ‘ಇದು ಹಾರುತ್ತದೆ, ಆದರೆ ಹೇಳಿದ ಮಾತು ಕೇಳುವುದಿಲ್ಲ’ ಎಂದು ಎಚ್ಚರಿಸಿ ಹೋದ. ಅಂಥ ಜನರನ್ನೇ ನೋಡಿ ಅಭ್ಯಾಸವಿದ್ದ ನನಗೆ ಅದೇನೂ ದೊಡ್ಡ ವಿಷಯ ಅನಿಸಲಿಲ್ಲ.

ಈಗಿನ ಮಕ್ಕಳ ಆಟಿಕೆಯಂತೆ ಅದನ್ನು ಊಹಿಸಿಕೊಳ್ಳಬೇಡಿ. ಬೆಂಡಿನಷ್ಟು ಹಗುರವಾದ ಮರದ ಹಂದರ, ಅದರ ಮೇಲೆ ಬಿಗಿಯಾಗಿ ಅಂಟಿಸಿದ ಬಿಳಿಯ ತೆಳು ಕಾಗದ. ಮೂತಿಯಲ್ಲಿ ಹೆಬ್ಬೆಟ್ಟಿನ ಗಾತ್ರದ ಎಂಜಿನ್. ಹೊಟ್ಟೆಯೊಳಗೆ ಸ್ಪಂಜಿನಲ್ಲಿ ಸುತ್ತಿ ರಬ್ಬರಿನಿಂದ ತೂಗುಹಾಕಿದ ಪುಟ್ಟ ರೇಡಿಯೋ, ಅದರಲ್ಲಿ ಪುಟ್ಟ ಬಲ್ಬಿನಂಥ ಒಂದು ಗಾಜಿನ ವಾಲ್ವು. ನೆಲದ ಮೇಲೆ ನನ್ನ ಪಕ್ಕ ಒಂದು ಭಾರದ ಪೆಟ್ಟಿಗೆ, ಅದರ ನೆತ್ತಿಯಲ್ಲಿ ಆಳೆತ್ತರದ ಕಡ್ಡಿ. ಪೆಟ್ಟಿಗೆಯಿಂದ ಬಂದ ವೈರಿನ ತುದಿಯಲ್ಲಿ ಒಂದೇ ಒಂದು ಗುಂಡಿ ನನ್ನ ಕೈಯಲ್ಲಿ. ಗುಂಡಿಯನ್ನು ಒತ್ತಿ ಹಿಡಿದರೆ ವಿಮಾನ ಬಲಕ್ಕೆ ತಿರುಗುತ್ತದೆ. ಬಿಟ್ಟರೆ ನೇರ ಹೋಗುತ್ತದೆ. ಮತ್ತೆ ಒತ್ತಿದರೆ ಎಡಕ್ಕೆ. ಅದರ ಮುಂದಿನ ಸಲ ಮತ್ತೆ ಬಲ. ಮೇಲೆ ಕೆಳಗೆ ಮಾಡುವ, ನಿಲ್ಲಿಸುವ ಉಪಾಯವೇ ಇಲ್ಲ. ಎಣ್ಣೆ ಮುಗಿದಾಗ ಅದೇ ಇಳಿಯುತ್ತದೆ. ಹಾರಿಸುವವನು ನೆನಪಿಟ್ಟುಕೊಳ್ಳಬೇಕಾದದ್ದು ಒಂದೇ, ಹಿಂದಿನ ಸಲ ಯಾವ ಕಡೆ ತಿರುಗಿಸಿದ್ದೆ ಎಂಬುದು. ಅದನ್ನು ಮರೆತರೆ ಕತೆ ಮುಗಿಯಿತು. ಊಟಕ್ಕೆ ಕೂತವನು ಸಾರು ಬಡಿಸಿಕೊಂಡೆನೋ ಇಲ್ಲವೋ ಎಂಬುದನ್ನೇ ಮರೆಯುವ ನನ್ನಂಥವನ ಕೈಗೆ ಅದು ಬಂದದ್ದು ಗ್ರಹಚಾರ.

ಎಣ್ಣೆಯ ಪಾಕವೂ ಹಾಗೇ. ಸೀಮೆಎಣ್ಣೆ, ಹರಳೆಣ್ಣೆ, ಈಥರ್ ಮೂರನ್ನೂ ಬೆರೆಸಬೇಕು. ಸೀಮೆಎಣ್ಣೆ ಅಂಗಡಿಯಲ್ಲಿ ಸಿಗುತ್ತಿತ್ತು. ಹರಳೆಣ್ಣೆಯನ್ನು ಅಮ್ಮ ತಲೆಗೆ ಹಚ್ಚಿಕೊಳ್ಳಲೆಂದು ಊರಿನಿಂದ ಕಳಿಸುತ್ತಿದ್ದಳು, ಮಗ ಇಷ್ಟೊಂದು ಎಣ್ಣೆ ಖರ್ಚು ಮಾಡುತ್ತಾನೆ, ಕೂದಲು ಸೊಂಪಾಗಿರಬೇಕು ಎಂದು ಸಂತೋಷಪಡುತ್ತಿದ್ದಳು. ಈಥರನ್ನು ತೋಟದ ಡಿಸ್ಪೆನ್ಸರಿಯ ಕಂಪೌಂಡರನಿಂದ ಕಾಡಿ ಪಡೆಯುತ್ತಿದ್ದೆ. ಹೀಗಾಗಿ ಭಾನುವಾರ ನಾನು ಹತ್ತಿರ ಬಂದರೆ ಆಸ್ಪತ್ರೆಯ ವಾಸನೆ ಬರುತ್ತಿತ್ತು. ರೈಟರಿಗೆ ಏನೋ ವಾಸಿಯಾಗದ ಕಾಯಿಲೆ ಎಂದು ಲೈನಿನಲ್ಲಿ ಸುದ್ದಿಯಾಗಿತ್ತು. ಗದ್ದೆಯ ನಡುವೆ ಪೆಟ್ಟಿಗೆಯಿಟ್ಟುಕೊಂಡು ಆಕಾಶ ನೋಡುತ್ತ ಹೆಬ್ಬೆರಳು ಆಡಿಸುವುದನ್ನು ಕಂಡ ಮೇಲೆ ಆ ಕಾಯಿಲೆ ಎಲ್ಲಿಯದು ಎಂಬ ಅನುಮಾನವೂ ಅವರಿಗೆ ಉಳಿಯಲಿಲ್ಲ.

ಹುತ್ತರಿ ಹಬ್ಬ ಕಳೆದು ಕುಯ್ಲು ಮುಗಿದರೆ ಗದ್ದೆಯ ಬಯಲು ಒಣಗಿ ಚಪ್ಪಟೆಯಾಗುತ್ತದೆ. ನನ್ನ ಹಾರಾಟವೆಲ್ಲ ಆಗಲೇ. ಮೊದಮೊದಲು ವಿಮಾನ ಮೂತಿಯೂರಿ ಬೀಳುತ್ತಿತ್ತು, ನಾನು ಬಿದಿರಿನ ಸೀಳು ಕಟ್ಟಿ, ಮೈದಾ ಅಂಟಿನಲ್ಲಿ ಕಾಗದ ಹಚ್ಚಿ ರಿಪೇರಿ ಮಾಡುತ್ತಿದ್ದೆ. ಆಮೇಲಾಮೇಲೆ ಅದು ಕಣಜದ ಹುಳುವಿನಂತೆ ಜೊಂಯ್ಯೆಂದು ಏರಿ, ಬಯಲಿಗೆ ಒಂದು ಸುತ್ತು ಹಾಕಿ, ಕೆಲವೊಮ್ಮೆ ನಾನು ಹೇಳಿದ ಕಡೆಗೇ ತಿರುಗಿ ಕೂಳೆಯ ಮೇಲೆ ಇಳಿಯುತ್ತಿತ್ತು. ಇಡೀ ವಾರ ಬೇರೆಯವರ ಮಾತು ಕೇಳುತ್ತಿದ್ದವನಿಗೆ ನನ್ನ ಮಾತು ಕೇಳುವ ಒಂದು ವಸ್ತು ಅಷ್ಟೆತ್ತರದಲ್ಲಿದೆ ಎನ್ನುವುದು ಎಂಥ ಸುಖ ಎಂದು ಹೇಗೆ ಹೇಳಲಿ. ನನಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಶ್ರೀಮಂಗಲದಂಥ ಊರಲ್ಲಿ ಪರಿಚಯದವರೂ ಕಡಿಮೆ. ಆ ವಿಮಾನವೇ ನನ್ನ ಸಂಸಾರವಾಗಿತ್ತು.

ಗದ್ದೆಯಾಚೆಯ ಮನೆ ಮುತ್ತಕ್ಕನದು. ಗಂಡ ತೀರಿಕೊಂಡ ಮೇಲೆ ಗದ್ದೆ, ಕರಿಮೆಣಸು, ಹಂದಿ, ಕೋಳಿ ಎಲ್ಲವನ್ನೂ ಒಬ್ಬರೇ ಸಂಭಾಳಿಸುತ್ತಿದ್ದ ಗಟ್ಟಿಗಿತ್ತಿ. ಅಪ್ಪ, ಗಂಡ, ಮೈದುನ ಎಲ್ಲ ಪಲ್ಟನ್ನಿನಲ್ಲಿದ್ದವರು. ಒಬ್ಬನೇ ಮಗ ಮೊಣ್ಣಪ್ಪ ಮಾತ್ರ ವಿಮಾನದ ಪಡೆಗೆ ಸೇರಿ ಉತ್ತರದಲ್ಲೆಲ್ಲೋ ಇದ್ದ. ಅವನಿಂದ ಬಹಳ ದಿನಗಳಿಂದ ಸುದ್ದಿಯಿರಲಿಲ್ಲ. ‘ಗುಂಡಾದ್ರೆ ಎದುರಿಂದ ಬರ್ತದೆ ರೈಟ್ರೇ, ಅದು ನಂಗೆ ಗೊತ್ತುಂಟು. ಇವ ಮೇಲೆ ಹೋಗಿ ಕೂತ್ರೆ ನಾನು ಯಾರ ಹತ್ರ ಕೇಳೋದು?’ ಎಂದು ಒಮ್ಮೆ ಹೇಳಿದ್ದರು. ಬೇರೆ ಯಾವ ವಿಷಯಕ್ಕೂ ಅವರು ಹೆದರಿದ್ದನ್ನು ನಾನು ಕಂಡಿರಲಿಲ್ಲ.

ಆ ಭಾನುವಾರ ವಿಮಾನ ಚೆನ್ನಾಗಿ ಏರಿತ್ತು. ಮುತ್ತಕ್ಕ ಗದ್ದೆಯ ಬದುವಿನ ಮೇಲೆ ನಡೆದು ಬಂದು ನನ್ನ ಪಕ್ಕ ನಿಂತು, ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು.

‘ನಮ್ಮ ಮೊಣ್ಣಪ್ಪ ಇರೋದು ಇಂಥದ್ರಲ್ಲೇ ಅಲ್ವಾ?’

‘ಇದೇ ಥರ ಕಣಕ್ಕ, ಆದ್ರೆ ದೊಡ್ಡದು. ಮನೆಯಷ್ಟು ಇರ್ತದೆ’ ಎಂದು ನಾನು ಅವರ ಕಡೆ ತಿರುಗಿ ಕೈಯಗಲಿಸಿ ತೋರಿಸಿದೆ.

ಅಷ್ಟರಲ್ಲಿ ಹಿಂದಿನ ತಿರುವು ಮರೆತುಹೋಯಿತು. ಒತ್ತಿದೆ. ಎಡಕ್ಕೆ ಬರಬೇಕಾದ ವಿಮಾನ ಬಲಕ್ಕೆ ಹೊರಳಿ ಬಯಲಿನ ಅಂಚಿನ ದೇವರಕಾಡಿನ ಕಡೆ ಹೊರಟಿತು. ಗಾಬರಿಯಲ್ಲಿ ಇನ್ನೆಷ್ಟು ಸಲ ಒತ್ತಿದೆನೋ ತಿಳಿಯದು. ಎಂಜಿನ್ ನಿಂತು ಸದ್ದಡಗಿತು. ಬಿಳಿಯ ವಿಮಾನ ಮೆಲ್ಲಗೆ ಜಾರಿಕೊಂಡು ದೊಡ್ಡ ಮರಗಳ ನಡುವೆ ಹೋಗಿ ಮಾಯವಾಯಿತು. ಮುತ್ತಕ್ಕ ಎರಡೂ ಕೈಯೆತ್ತಿ ಮುಗಿದರು.

ದೇವರಕಾಡು ಎಂದರೆ ಹೊರಗಿನವರಿಗೆ ಬರಿಯ ಕಾಡು. ಅಲ್ಲಿಯವರಿಗೆ ಅದು ಅಯ್ಯಪ್ಪನ ಮನೆ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಹಬ್ಬದ ದಿನ ಮಾತ್ರ ಗಂಡಸರು ಒಳಗೆ ಹೋಗಿ ಹರಕೆಯ ಮಣ್ಣಿನ ನಾಯಿಗಳನ್ನು ಇಟ್ಟು ಬರುತ್ತಾರೆ. ಅಯ್ಯಪ್ಪ ಬೇಟೆಯ ದೇವರು, ಅವನಿಗೆ ನಾಯಿ ಬೇಕು. ಹೆಂಗಸರು ಗಡಿಕಲ್ಲಿನಲ್ಲೇ ನಿಲ್ಲುತ್ತಾರೆ. ಒಳಗೆ ಮರ ಕಡಿಯುವುದಿರಲಿ, ಬಿದ್ದ ಒಣಕಡ್ಡಿಯನ್ನೂ ಯಾರೂ ಎತ್ತುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ದೇವಸ್ಥಾನದ ಹಿರಿಯರಾದ ತಕ್ಕರ ಮನೆಗೆ ಅಂದೇ ಓಡಿದೆ.

‘ಅದು ಹರಕೆ ಅಲ್ಲ ತಕ್ಕರೇ, ಅಕಸ್ಮಾತ್ ಬಿದ್ದಿದ್ದು ಕಣ್ರಿ’ ಎಂದೆ.

ತಕ್ಕರು ಎಲೆಯಡಿಕೆ ಅಗಿಯುತ್ತ ಯೋಚಿಸಿದರು. ‘ಬಿದ್ದದ್ದು ಅಂತ ನೀವು ಹೇಳೋದು. ಮೇಲಿಂದ ಬಂತಲ್ವಾ? ಮರದ ಕೊಂಬೆಯೂ ಬೀಳೋದೇ, ಅದನ್ನ ನಾವು ಎತ್ತುತ್ತೇವಾ?’

‘ಕೊಂಬೆಗೆ ರೇಡಿಯೋ ಇರಲ್ಲ.’

‘ಇದ್ರೂ ಎತ್ತೋದಿಲ್ಲ’ ಎಂದರು ತಕ್ಕರು. ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರೆಂದು ತೋರುತ್ತದೆ. ‘ಒಂದು ಕೆಲಸ ಮಾಡಿ. ಹಬ್ಬದವರೆಗೆ ಕಾಯಿರಿ. ಅಯ್ಯಪ್ಪನ ಕೈ ಬರಿದು ಮಾಡಿ ತರೋದು ಬೇಡ, ಮಣ್ಣಲ್ಲಿ ಅಂಥದ್ದೇ ಒಂದು ಮಾಡಿಸಿ ಇಡಿ, ನಿಮ್ಮದನ್ನು ತಕ್ಕೊಳ್ಳಿ. ಆದ್ರೆ ಹೊರಗೆ ತರೋದನ್ನ ಗಡಿಕಲ್ಲಲ್ಲಿ ಎಲ್ಲರೆದುರು ಎತ್ತಿ ತೋರಿಸ್ಬೇಕು. ನಾಳೆ ಯಾರೂ ದೇವರದ್ದು ಎಂತದೋ ತಂದ ಅನ್ನಬಾರದು. ಅದು ನಮ್ಮ ಊರಿನ ಕಟ್ಟು.’

ನಾನು ಒಪ್ಪಿದೆ. ಒಪ್ಪದೆ ಬೇರೆ ದಾರಿಯಿರಲಿಲ್ಲ. ಆ ವಾಲ್ವು, ಆ ಎಂಜಿನ್ ನಮ್ಮಲ್ಲಿ ಎಲ್ಲೂ ಸಿಗುವ ವಸ್ತುಗಳಲ್ಲ, ಕೊಟ್ಟವನೂ ಹಡಗು ಹತ್ತಿ ಹೋಗಿಯಾಗಿತ್ತು. ಹಬ್ಬದ ತನಕ ನಾನು ಕಳೆದ ಭಾನುವಾರಗಳ ಬೇಸರವನ್ನು ನನ್ನ ಶತ್ರುವಿಗೂ ಬಯಸುವುದಿಲ್ಲ. ಬಟ್ಟೆ ಒಗೆದೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ.

ಮುತ್ತಕ್ಕನ ಸಂಗತಿ ಬೇರೆಯೇ ಆಯಿತು. ಅವರು ಸಂಜೆ ಹಸು ಕಟ್ಟಿದ ಮೇಲೆ ಗಡಿಕಲ್ಲಿನ ಹತ್ತಿರ ಹೋಗಿ ನಿಲ್ಲತೊಡಗಿದರು. ಅಲ್ಲಿಂದ ಮರಗಳ ಸಂದಿಯಲ್ಲಿ ವಿಮಾನದ ಒಂದು ರೆಕ್ಕೆ ಬೆಳ್ಳಗೆ ಕಾಣುತ್ತಿತ್ತು, ಉಳಿದದ್ದು ಎಲೆಯ ಮರೆಯಲ್ಲಿ. ಒಂದು ದಿನ ನಾನೂ ಹೋಗಿ ಪಕ್ಕ ನಿಂತೆ.

‘ನಾನು ಮೊಣ್ಣಪ್ಪನ ಹೆಸರು ಹೇಳಿದ್ದೇ ಹೇಳಿದ್ದು, ಅದು ಅಯ್ಯಪ್ಪನ ಹತ್ರ ಹೋಯ್ತು. ನೀವೇ ನೋಡಿದ್ರಲ್ವಾ?’ ಎಂದರು. ‘ಅಷ್ಟು ಮೇಲಿಂದ ಬಿದ್ರೂ ಎಂತ ಆಗಲಿಲ್ಲ. ರೆಕ್ಕೆ ನೋಡಿ, ಒಂದು ಗೀರೂ ಇಲ್ಲ. ಹಾಗೇ ಹಿಡ್ಕೊಂಡಿದ್ದಾನೆ.’

ಹೆಸರಿಗೂ ವಿಮಾನದ ತಿರುವಿಗೂ ಸಂಬಂಧವಿಲ್ಲ, ಅದು ನನ್ನ ಮರೆವಿನ ಫಲ ಎಂದು ವಿವರಿಸಲು ಬಾಯಿ ತೆರೆದೆ. ಅವರ ಮುಖದಲ್ಲಿ ಎಷ್ಟೋ ದಿನಗಳಿಂದ ಇಲ್ಲದ ನೆಮ್ಮದಿಯಿತ್ತು. ಬಾಯಿ ಮುಚ್ಚಿಕೊಂಡೆ.

ಇನ್ನು ಮಣ್ಣಿನ ವಿಮಾನ. ಹರಕೆಯ ನಾಯಿ ಮಾಡುವ ಕುಂಬಾರನ ಬಳಿ ಹೋಗಿ ವಿಷಯ ಹೇಳಿದೆ. ಅವನು ವಿಮಾನ ಕಂಡವನಲ್ಲ. ನಾನು ಅವನ ಅಂಗಳದಲ್ಲಿ ತೋಳು ಚಾಚಿ, ಬಾಯಲ್ಲಿ ಸದ್ದು ಮಾಡುತ್ತ ಒಂದು ಸುತ್ತು ಓಡಿದೆ. ಅವನ ಹೆಂಡತಿ ಒಲೆಯ ಮುಂದಿನಿಂದ ಎದ್ದುಬಂದು ನೋಡಿದಳು. ಇನ್ನೊಂದು ಸುತ್ತು ಓಡಿ ತೋರಿಸಲು ಅವನೇ ಹೇಳಿದ, ಅರ್ಥವಾಗದೆ ಹೇಳಿದನೋ ಮಜಾ ಅನಿಸಿ ಹೇಳಿದನೋ ದೇವರೇ ಬಲ್ಲ. ಮುಂದಿನ ವಾರ ಹೋದಾಗ ವಿಮಾನ ಸಿದ್ಧವಾಗಿತ್ತು. ರೆಕ್ಕೆಯಿತ್ತು, ಬಾಲವಿತ್ತು. ಅಡಿಯಲ್ಲಿ ನಾಲ್ಕು ದಪ್ಪ ಕಾಲುಗಳೂ ಇದ್ದವು.

‘ಕಾಲು ಯಾಕಯ್ಯಾ?’ ಎಂದೆ.

‘ಕಾಲಿಲ್ದೆ ದೇವರ ಮುಂದೆ ನಿಲ್ಲೋದು ಹೆಂಗೆ ಸ್ವಾಮಿ? ಕಿವಿನೂ ಇಡೋನಿದ್ದೆ, ನೀವು ಓಡುವಾಗ ಅದನ್ನ ತೋರಿಸ್ಲಿಲ್ಲ’ ಎಂದ.

ಹಬ್ಬದ ದಿನ ಪಂಚೆಯುಟ್ಟು, ಬರಿಮೈಯಲ್ಲಿ, ಬರಿಗಾಲಲ್ಲಿ, ನಾಲ್ಕು ಕಾಲಿನ ವಿಮಾನವನ್ನು ಎದೆಗವಚಿಕೊಂಡು ಗಂಡಸರ ಸಾಲಿನಲ್ಲಿ ದೇವರಕಾಡಿನೊಳಗೆ ಹೋದೆ. ಚೆಂಡೆಯವರು ಮುಂದೆ, ನಾಯಿ ಹಿಡಿದವರು ಹಿಂದೆ. ಗಡಿಕಲ್ಲಿನಲ್ಲಿ ಹೆಂಗಸರ ಗುಂಪಿನ ಮುಂದೆ ಮುತ್ತಕ್ಕ ನಿಂತಿದ್ದರು. ಒಳಗೆ ಎಷ್ಟೋ ತಲೆಮಾರಿನ ನಾಯಿಗಳು ಪಾಚಿ ಹಿಡಿದು, ಕಿವಿ ಮುರಿದು, ಅರ್ಧ ಮಣ್ಣಿನಲ್ಲಿ ಹೂತುಕೊಂಡು ಕೂತಿದ್ದವು. ಪೂಜೆಯಾಯಿತು. ನಾನು ನನ್ನ ಮಣ್ಣಿನ ವಿಮಾನವನ್ನು ಹೊಸ ನಾಯಿಗಳ ಸಾಲಿನಲ್ಲಿಟ್ಟೆ. ಆ ಸಾಲಿನಲ್ಲಿ ಅದು ಅಷ್ಟೇನೂ ಬೇರೆಯಾಗಿ ಕಾಣಲಿಲ್ಲ. ಉಳಿದವರು ಹೊರಟ ಮೇಲೆ ತಕ್ಕರು ನನ್ನನ್ನು ಕರೆದುಕೊಂಡು ವಿಮಾನ ಬಿದ್ದ ಮರದ ಬಳಿ ಬಂದರು.

ಹೊರಗಿನಿಂದ ಕಾಣುತ್ತಿದ್ದ ರೆಕ್ಕೆಯೊಂದೇ ಸರಿಯಾಗಿತ್ತು. ಅದು ಕೊಂಬೆಗೆ ಸಿಕ್ಕಿಕೊಂಡಿತ್ತು. ಇನ್ನೊಂದು ರೆಕ್ಕೆ ಚೂರುಚೂರಾಗಿ ಬೇರಿನ ಮೇಲೆ ಬಿದ್ದಿತ್ತು. ಮೂತಿ ಬಂಡೆಗೆ ಹೊಡೆದು ಒಳಗೆ ಹೋಗಿತ್ತು. ಹೊಟ್ಟೆ ಸೀಳಿ, ಗೆದ್ದಲು ಹತ್ತಿ, ಕಾಗದವೆಲ್ಲ ಮಣ್ಣಿನ ಬಣ್ಣವಾಗಿತ್ತು. ಬಗ್ಗಿ ನೋಡಿದೆ. ಸ್ಪಂಜಿನ ಸುತ್ತಿನೊಳಗೆ ರೇಡಿಯೋ ಇದ್ದಲ್ಲೇ ತೂಗುತ್ತಿತ್ತು. ವಾಲ್ವಿನ ಗಾಜು ಒಡೆದಿರಲಿಲ್ಲ. ಎಂಜಿನ್ನಿಗೂ ತುಕ್ಕು ಹಿಡಿದಿತ್ತೇ ಹೊರತು ತಿರುಗಿಸಿದರೆ ತಿರುಗುತ್ತಿತ್ತು. ಇವೆರಡಿದ್ದರೆ ಸಾಕು, ಮರದ ಹಂದರವನ್ನು ಹೇಗಾದರೂ ಮತ್ತೆ ಕಟ್ಟಬಹುದಿತ್ತು.

‘ತಕ್ಕೊಳ್ಳಿ ರೈಟ್ರೇ. ಬದಲಿಗೆ ಇಟ್ಟಾಯ್ತಲ್ಲ’ ಎಂದರು ತಕ್ಕರು.

ರೇಡಿಯೋ ಹಿಡಿದು ಹೊರಗೆ ಹೋದರೆ ಮುತ್ತಕ್ಕನ ಕಣ್ಣೆದುರೇ ಅದನ್ನು ಎತ್ತಿ ತೋರಿಸಬೇಕು. ಹೊಟ್ಟೆ ಬಗೆದು ತೆಗೆದದ್ದೆಂದು ಯಾರಿಗಾದರೂ ತಿಳಿಯುತ್ತದೆ. ಗುಟ್ಟಾಗಿ ಒಯ್ಯೋಣವೆಂದರೆ ಮೈಮೇಲೆ ಒಂದು ಜೇಬೂ ಇಲ್ಲ. ಪಂಚೆಯ ಗಂಟಿನಲ್ಲಿ ಸಿಕ್ಕಿಸಿಕೊಂಡರೆ ಹೇಗೆ ಎಂದೂ ಒಂದು ಕ್ಷಣ ಯೋಚಿಸಿದೆ, ಜಾರಿ ಬಿದ್ದರೆ ಆಗಬಹುದಾದ ಎರಡು ಬಗೆಯ ಅನಾಹುತಗಳೂ ಕಣ್ಣಮುಂದೆ ಬಂದವು. ರೇಡಿಯೋವನ್ನು ಕೈಗೆ ತೆಗೆದುಕೊಂಡು ಅದರ ತೂಕ ನೋಡಿದೆ. ಆಮೇಲೆ ಇದ್ದಲ್ಲೇ ಇಟ್ಟೆ.

‘ಬೇಡ ತಕ್ಕರೇ. ಇಲ್ಲೇ ಇರಲಿ’ ಎಂದೆ.

ತಕ್ಕರು ಚೂರಾದ ರೆಕ್ಕೆಯನ್ನು ನೋಡಿದರು, ಗಡಿಕಲ್ಲಿನ ಕಡೆ ನೋಡಿದರು. ‘ಮುಂದಿನ ವರ್ಷ ಬೇಕಾದ್ರೆ ಕೇಳಿ’ ಎಂದಷ್ಟೇ ಹೇಳಿ ಮುಂದೆ ನಡೆದರು.

ನಾನು ಬರಿಗೈಯಲ್ಲಿ ಬಂದದ್ದನ್ನು ಕಂಡು ಮುತ್ತಕ್ಕ ಎದುರು ಬಂದರು. ‘ಎಂತ ರೈಟ್ರೇ, ತರ್ಲಿಲ್ವಾ? ಮುರಿದಿದೆಯಾ?’

‘ಇಲ್ಲಕ್ಕ. ಹಂಗೇ ಕೂತದೆ. ಒಂದು ಗೀರೂ ಇಲ್ಲ. ಎತ್ತಕ್ಕೆ ನನಗೇ ಮನಸ್ಸು ಬರ್ಲಿಲ್ಲ’ ಎಂದೆ.

ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ‘ಮನೆಗೆ ಬನ್ನಿ, ಕಡುಬು ಮಾಡಿದ್ದೇನೆ’ ಎಂದರು. ಅಂಥ ಮೆತ್ತಗಿನ ಕಡುಬನ್ನು ನಾನು ಆಮೇಲೆ ತಿಂದಿಲ್ಲ. ಸುಳ್ಳು ಹೇಳಿದೆ ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ರೇಡಿಯೋದ ನೆನಪಾಗಿ ಕೆಲವು ತಿಂಗಳು ನಿದ್ದೆ ಕೆಟ್ಟದ್ದು ಮಾತ್ರ ನಿಜ. ಹವ್ಯಾಸ ಅಲ್ಲಿಗೆ ಮುಗಿಯಿತು. ಗುಂಡಿಯ ಪೆಟ್ಟಿಗೆಯ ಮೇಲೆ ನೀರಿನ ಹೂಜಿ ಇಡತೊಡಗಿದೆ.

ಮಳೆಗಾಲ ಮುಗಿಯುತ್ತಿದ್ದಾಗ ಮೊಣ್ಣಪ್ಪ ರಜೆಯಲ್ಲಿ ಬಂದ. ಮುತ್ತಕ್ಕ ಅವನನ್ನು ನನ್ನ ಕ್ವಾರ್ಟರ್ಸಿಗೆ ಎಳೆದುಕೊಂಡೇ ಬಂದರು. ಅವನು ವಿಮಾನದ ಎಂಜಿನ್ ನೋಡುವ ಕೆಲಸದವನು, ಬೇಕಾದಾಗ ಜೊತೆಯಲ್ಲಿ ಹಾರುವವನು. ಕಡಿಮೆ ಮಾತಿನ ಹುಡುಗ. ಸೆಖೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು ಗುಂಡಿ ಹಾಕಿಕೊಂಡಿದ್ದ. ನಾನು ಕಾಫಿ ಕೊಟ್ಟೆ.

‘ರೈಟ್ರ ವಿಮಾನದ ವಿಷಯ ಹೇಳಿದ್ನಲ್ಲ, ಇವರದ್ದೇ’ ಎಂದರು ಮುತ್ತಕ್ಕ. ‘ಈಗ ಹಂಬು ಬೆಳೆದು ಕಾಣೋದಿಲ್ಲ. ಅಷ್ಟು ಮೇಲಿಂದ ಹೋಗಿ ಅಯ್ಯಪ್ಪನ ಹತ್ರ ಸುಮ್ಮನೆ ಕೂತಿತು.’

ಮೊಣ್ಣಪ್ಪ ನನ್ನ ಕಡೆ ತಿರುಗಿದ. ‘ಮರದೊಳಗೆ ಹೋಯ್ತಾ ಸಾರ್? ಎಂಜಿನ್ ನಿಂತ ಮೇಲೆ?’

‘ಹೌದು.’

‘ಏನೂ ಆಗ್ಲಿಲ್ವಾ?’

ವಿಮಾನ ಬಲ್ಲವನ ಮುಂದೆ ಈ ಮಾತು ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. ಮುತ್ತಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ‘ಒಂದು ಗೀರೂ ಇಲ್ಲ’ ಎಂದೆ.

ಅವನು ಕಾಫಿಯ ಲೋಟ ಎತ್ತಿದ. ಎತ್ತುವಾಗ ಅಂಗಿಯ ತೋಳು ಸ್ವಲ್ಪ ಮೇಲೆ ಸರಿಯಿತು. ಮಣಿಕಟ್ಟಿನಿಂದ ಮೇಲಕ್ಕೆ ಸುಟ್ಟು ಮಾದ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ನಾನು ನೋಡಿದ್ದನ್ನು ಮುತ್ತಕ್ಕ ಕಂಡರು.

‘ಮೆಸ್ಸಿನಲ್ಲಿ ಬಿಸಿ ಟೀ ಚೆಲ್ಲಿದ್ದಂತೆ ರೈಟ್ರೇ. ಅಲ್ಲಿ ಅಡುಗೆಯವರಿಗೆ ಕಣ್ಣೇ ಇಲ್ಲ. ಅದಕ್ಕೇ ಇವಂಗೆ ಅಷ್ಟು ದಿನ ಬರೆಯೋದಕ್ಕೂ ಆಗಲಿಲ್ಲ.’

ಮೊಣ್ಣಪ್ಪ ಲೋಟ ಕೆಳಗಿಟ್ಟು ತೋಳನ್ನು ಮೊದಲಿನಂತೆ ಎಳೆದುಕೊಂಡ. ನನ್ನನ್ನೇ ನೋಡುತ್ತ ಹೇಳಿದ:

‘ನಂಬಬಹುದು ಸಾರ್. ನಮ್ಮದೂ ಒಂದು ಸಲ ಹಾಗೇ ಇಳೀತು. ಒಂದು ಗೀರೂ ಆಗ್ಲಿಲ್ಲ.’